ಶ್ರೀಲಂಕಾದ ದಕ್ಷಿಣ ತೀರಕ್ಕೆ ಹೊರಟಿದ್ದೀರಾ? ತಿನ್ನೋದು, ಕುಡಿಯೋದು, ಮಾಡೋದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಂಕೆಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಜಾಸ್ತಿ ಇರೋದು ಗಾಲೆಯಿಂದ ತಂಗಲ್ಲೆವರೆಗಿನ ದಕ್ಷಿಣ ಕರಾವಳಿಯ ಬಗ್ಗೆ. ಮೊದಲ ಸಲ ಹೋಗುವವರು ಮೇಲಿನಿಂದ ಓದಿ, ಹೋಗಿ ಬಂದವರು ಕೊನೆಯ ಭಾಗಕ್ಕೆ ನೇರ ಹೋದರೂ ಆಯಿತು.

## ಹೊರಡುವ ಮೊದಲು

ಯಾವ ತಿಂಗಳು ಹೋದ್ರೆ ಒಳ್ಳೇದು? ಮಳೆ ಇರಲ್ವಾ?

ಲಂಕೆಗೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಗೆ ಬರುವ ನೈಋತ್ಯ ಮುಂಗಾರೇ ಅಲ್ಲಿನ ದಕ್ಷಿಣ, ಪಶ್ಚಿಮ ತೀರಕ್ಕೂ ಹೊಡೆಯುತ್ತದೆ. ಸಮುದ್ರ ಒರಟಾಗಿರುತ್ತದೆ, ದೋಣಿಗಳು ಕಮ್ಮಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣ ತೀರ ಚೆನ್ನಾಗಿರುತ್ತದೆ. ಜೂನ್–ಆಗಸ್ಟ್‌ನಲ್ಲೇ ರಜೆ ಸಿಗೋದು ಅನ್ನುವವರು ಪೂರ್ವ ತೀರಕ್ಕೆ ಹೋಗಿ: ತ್ರಿಂಕೋಮಲಿ, ನಿಲಾವೆಲಿ, ಅರುಗಂ ಬೇ. ಅಲ್ಲಿ ಆಗ ಬಿಸಿಲು, ಶಾಂತ ನೀರು.

ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋಗುವವರು ಒಂದು ವಿಷಯ ಗಮನಿಸಿ. ಏಪ್ರಿಲ್ 13, 14ರ ಸುಮಾರಿಗೆ ಸಿಂಹಳ–ತಮಿಳು ಹೊಸ ವರ್ಷ. ಆಗ ಸಣ್ಣ ಹೋಟೆಲು, ಅಂಗಡಿಗಳು ದಿನಗಟ್ಟಲೆ ಬಾಗಿಲು ಹಾಕುತ್ತವೆ, ಎಲ್ಲರೂ ಊರಿಗೆ ಹೋಗಿರುತ್ತಾರೆ. ಯಾರಾದರೂ ಮನೆಗೆ ಕರೆದರೆ ಮಾತ್ರ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಐದು ದಿನದಲ್ಲಿ ಇಡೀ ಲಂಕೆ ನೋಡ್ಬಹುದಾ? ಪ್ಯಾಕೇಜಲ್ಲಿ ಏಳು ಊರು ಕೊಟ್ಟಿದಾರೆ.

ನೋಡಬಹುದು, ಕಾರಿನ ಕಿಟಕಿಯಿಂದ. ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುತ್ತದೆ, ಆದರೆ ಒಳನಾಡಿನ ರಸ್ತೆಗಳೆಲ್ಲ ತಿರುವು, ಘಾಟಿ. ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯ, 'ಎಲ್ಲಾ' ಅನ್ನುವ ಬೆಟ್ಟದೂರು, ಯಾಲ, ಗಾಲೆ, ಕೊಲಂಬೊ ಎಲ್ಲವನ್ನೂ ಐದು ದಿನಕ್ಕೆ ತುರುಕಿದರೆ ನಿಮ್ಮ ಊಟ ಪೂರ್ತಿ ಹೈವೇ ಬಫೆಗಳಲ್ಲೇ ಮುಗಿಯುತ್ತದೆ. ಬಫೆಯಲ್ಲಿ ಸಿಗೋದು ಪನೀರ್, ನೂಡಲ್ಸ್, ಸಪ್ಪೆ ಮಾಡಿದ ಒಂದೆರಡು ಪಲ್ಯ. ಅದಕ್ಕಾಗಿ ಸಮುದ್ರ ದಾಟಬೇಕಾ? ಐದು ದಿನ ಇದ್ದರೆ ತೀರದ ಒಂದೇ ಊರಲ್ಲಿ ಉಳಿಯಿರಿ. ನಡುವೆ ಒಂದು ದಿನ ಒಳನಾಡಿಗೆ ಹೋಗಿ ಬನ್ನಿ. ಒಂದೇ ಅಂಗಡಿಗೆ ಮೂರನೇ ದಿನ ಹೋದಾಗ ಅವರೇ 'ಇವತ್ತು ಇದು ಚೆನ್ನಾಗಿದೆ' ಅಂತ ಬಡಿಸುತ್ತಾರೆ. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದೇ.

ವೀಸಾ, ದುಡ್ಡು, ಯುಪಿಐ?

ಭಾರತೀಯರಿಗೆ ಇಟಿಎ, ಅಂದರೆ ಹೊರಡುವ ಮೊದಲೇ ಪಡೆಯುವ ಪ್ರಯಾಣದ ಅನುಮತಿ, ಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಶುಲ್ಕದ ನಿಯಮ ಆಗಾಗ ಬದಲಾಗಿದೆ, ಹಾಗಾಗಿ ಟಿಕೆಟ್ ಮಾಡುವ ವಾರದಲ್ಲೇ ಅಲ್ಲಿನ ಸರ್ಕಾರಿ ತಾಣ ನೋಡಿ. ಅದೇ ಥರ ಕಾಣುವ ಖಾಸಗಿ ತಾಣಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆ ರೂಪಾಯಿ ಆಸುಪಾಸು. 2024ರ ಫೆಬ್ರವರಿಯಿಂದ ಯುಪಿಐ ಶುರುವಾಗಿದೆ, ದೊಡ್ಡ ಅಂಗಡಿಗಳಲ್ಲಿ ನಡೆಯುತ್ತದೆ. ಆದರೆ ಒಳ್ಳೆಯ ಊಟ ಇರೋದು ಸಣ್ಣ ಅಂಗಡಿಗಳಲ್ಲಿ. ಅಲ್ಲಿಗೆ ನೋಟು ಬೇಕು, ಚಿಲ್ಲರೆಯೂ ಬೇಕು. ಗಡಿಯಾರ ಮಾತ್ರ ಮುಟ್ಟಬೇಕಿಲ್ಲ, ಎರಡೂ ಕಡೆ ಸಮಯ ಒಂದೇ.

ಏರ್‌ಪೋರ್ಟಿಂದ ಸೀದಾ ಬೀಚಿಗೆ ಹೋಗೋದು ಹೇಗೆ?

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯೋದು ಕಟುನಾಯಕದಲ್ಲಿ, ಕೊಲಂಬೊದಿಂದ ಉತ್ತರಕ್ಕೆ. ಮಕ್ಕಳು, ಲಗೇಜು ಇದ್ದರೆ ಕಾರು ಮಾಡಿಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿಯಿರಿ. ಹಗುರವಾಗಿ ಹೋದವರು ಕೊಲಂಬೊ ಫೋರ್ಟ್ ನಿಲ್ದಾಣದಿಂದ ಗಾಲೆ, ಮಾತರ ಕಡೆಯ ರೈಲು ಹತ್ತಿ, ಬಲಗಡೆ ಕೂತುಕೊಳ್ಳಿ. ಹಳಿ ಎಷ್ಟು ಹತ್ತಿರ ಅಂದರೆ ಕೆಲವು ಕಡೆ ಅಲೆಯ ಹನಿ ಕಿಟಕಿಗೆ ಬರುತ್ತದೆ. ಸಂಜೆ ಆಫೀಸು ಬಿಡುವ ಹೊತ್ತಿನ ರೈಲು ಮಾತ್ರ ಬೇಡ, ನಿಲ್ಲೋಕೂ ಜಾಗ ಸಿಗಲ್ಲ.

## ತಿನ್ನೋದು

ಲಂಕೆ ಊಟ ಅಂದ್ರೆ ನಮ್ಮ ಮಂಗಳೂರು, ಕೇರಳದ ಊಟಾನೇ ಅಲ್ವಾ? ಹೊಸದೇನಿದೆ?

ಸಾಮಾನು ಹೆಚ್ಚುಕಮ್ಮಿ ಅದೇ. ತೆಂಗಿನಕಾಯಿ, ಅಕ್ಕಿ, ಕರಿಬೇವು, ಒಣಮೆಣಸು. ಕೆಂಪಕ್ಕಿ ಅನ್ನ ನೋಡಿದರೆ ಕುಚಲಕ್ಕಿ ತಿಂದು ಬೆಳೆದವರಿಗೆ ಮನೆ ನೆನಪಾಗುತ್ತದೆ. ಆದರೆ ಕೈ ಬೇರೆ. ನಾವು ಕಾಯಿ ರುಬ್ಬಿ ಹಾಕುವ ಕಡೆ ಅವರು ಕಾಯಿಹಾಲು ಹಿಂಡಿ ಹಾಕುತ್ತಾರೆ. ಇಂಗಿನ ವಾಸನೆ ಇಲ್ಲ. ಹುಣಸೆಗಿಂತ ಗೊರಕ ಜಾಸ್ತಿ, ಅದು ನಮ್ಮ ಮಲೆನಾಡಿನ ಉಪ್ಪಾಗೆ. ಪಲ್ಯದಲ್ಲೂ ಒಂದು ತುಂಡು ಚಕ್ಕೆ, ಜೊತೆಗೆ ರಂಪೆ ಅನ್ನುವ ಉದ್ದ ಹಸಿರೆಲೆ. ಮಸಾಲೆ ಪುಡಿಯನ್ನು ಕಾಫಿಪುಡಿ ಬಣ್ಣ ಬರುವವರೆಗೆ ಹುರಿಯುತ್ತಾರೆ. ಅದರಿಂದಲೇ ಅಲ್ಲಿನ ಸಾರಿಗೆ ಕಪ್ಪು ಬಣ್ಣ, ಗಾಢ ರುಚಿ.

ಮಧ್ಯಾಹ್ನದ ಊಟ ನೋಡಬೇಕು ಅಂದರೆ ಹನ್ನೆರಡೂವರೆಗೆ ಯಾವುದಾದರೂ 'ಕಡೆ'ಗೆ ಹೋಗಿ. ಕಡೆ ಅಂದರೆ ರಸ್ತೆ ಬದಿಯ ಸಣ್ಣ ಹೋಟೆಲು. ಮಣ್ಣಿನ ಮಡಕೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕೆಂಪು ಮಸೂರ ಬೇಳೆಯ ಪರಿಪ್ಪು, ಮೋಜು ಅನ್ನುವ ಹುಳಿ ಬದನೆಕಾಯಿ, ಬೀಟ್‌ರೂಟ್ ಸಾರು, ಹಾಗಲಕಾಯಿ, ಸೊಪ್ಪಿನ ಮಲ್ಲುಂ. ಮಲ್ಲುಂಗೆ ಹೆಚ್ಚಾಗಿ ಬಳಸುವ ಗೊಟುಕೊಲ ನಮ್ಮ ಒಂದೆಲಗವೇ. ಸಣ್ಣಗೆ ಹೆಚ್ಚಿ ಕಾಯಿತುರಿ, ಈರುಳ್ಳಿ, ನಿಂಬೆರಸ ಹಾಕಿ ಹಸಿಯಾಗೇ ಕಲಸುತ್ತಾರೆ. ಒಂದು ತಟ್ಟೆ ಅನ್ನ, ಐದಾರು ಬಗೆ. ಒಂದೊಂದನ್ನೇ ಮುಗಿಸದೆ ತುತ್ತು ತುತ್ತಿಗೆ ಬೇರೆ ಬೇರೆ ಕಲಸಿ ತಿನ್ನಬೇಕು, ಆಗಲೇ ಅದರ ರುಚಿ ಬಾಯಿಗೆ ಹತ್ತೋದು. ಎರಡು ಗಂಟೆಯ ಮೇಲೆ ಹೋದರೆ ಮಡಕೆ ಖಾಲಿ.

ಪೊಲ್ ಸಂಬೋಲ ಇಲ್ಲದೆ ಯಾವ ಹೊತ್ತಿನ ತಿಂಡಿಯೂ ಇಲ್ಲ. ಮಾಡೋದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಚಪ್ಪಟೆ ಕಲ್ಲಿನ ಮೇಲೆ ಒಣಮೆಣಸು, ಉಪ್ಪು, ಸಣ್ಣ ಈರುಳ್ಳಿ ಅರೆದು, ಅದರ ಮೇಲೆ ಆಗತಾನೆ ತುರಿದ ಕಾಯಿ ಹಾಕಿ, ಗುಂಡುಕಲ್ಲನ್ನು ಹಿಂದೆ ಮುಂದೆ ಎಳೆಯುತ್ತಾರೆ. ನುಣ್ಣಗಾಗಬಾರದು. ಕಾಯಿಯ ಎಣ್ಣೆ ಬಿಟ್ಟು ಬಿಳಿ ತುರಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಿ, ನಿಂಬೆ ಹಿಂಡಿ, ಬೆರಳಲ್ಲಿ ಉಜ್ಜಿ ಎತ್ತುತ್ತಾರೆ. ಮಿಕ್ಸಿಯಲ್ಲಿ ಇದು ಬರಲ್ಲ.

ಮೊದಲ ದಿನಕ್ಕೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನಲಿ, ಹೇಳ್ಬಿಡಿ.

ಬೆಳಗ್ಗೆ ಇಂಡಿಯಾಪ್ಪ, ಅಂದರೆ ಒತ್ತು ಶಾವಿಗೆ, ಕೈಯಗಲದ ಚಿಕ್ಕ ಚಿಕ್ಕ ಬಿಲ್ಲೆ. ಜೊತೆಗೆ ಕಿರಿ ಹೊದಿ ಅನ್ನುವ ಹಳದಿ ಕಾಯಿಹಾಲಿನ ಸಾರು, ಪೊಲ್ ಸಂಬೋಲ. ಮಧ್ಯಾಹ್ನ ಮೇಲೆ ಹೇಳಿದ ಅನ್ನದ ಊಟ. ಸಂಜೆ ಟೀ ಜೊತೆ ಸಣ್ಣ ತಿಂಡಿಗಳು. ಬೇಕರಿಯಲ್ಲಿ ಕೂತರೆ ಒಂದು ತಟ್ಟೆ ತುಂಬ ರೋಲು, ಕಟ್ಲೆಟ್, ಪ್ಯಾಟಿಸ್ ತಂದಿಡುತ್ತಾರೆ. ಗಾಬರಿ ಬೇಡ, ತಿಂದಷ್ಟಕ್ಕೇ ದುಡ್ಡು.

ರಾತ್ರಿ ಆಪ್ಪ. ಅಕ್ಕಿ ಹಿಟ್ಟು, ಕಾಯಿಹಾಲು ಹುಳಿ ಬರಿಸಿ, ಪುಟ್ಟ ಬಾಣಲೆಗೆ ಒಂದು ಸೌಟು ಹಾಕಿ ತಿರುಗಿಸಿದರೆ ಅಂಚು ಹಪ್ಪಳದಂತೆ ತೆಳ್ಳಗೆ, ನಡುವೆ ಮೆತ್ತಗೆ. ಒಲೆಯ ಹತ್ತಿರದ ಬೆಂಚಿನಲ್ಲೇ ಕೂತುಕೊಳ್ಳಿ. ಆಪ್ಪ ಬಾಣಲೆಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಬರಬೇಕು. ಎರಡು ನಿಮಿಷ ಬಿಟ್ಟರೂ ಅಂಚು ಮೆತ್ತಗಾಗುತ್ತದೆ. ಮೊಟ್ಟೆ ತಿನ್ನುವವರು ಮೊದಲು ಒಂದು ಸಾದಾ, ಆಮೇಲೆ ಒಂದು ಬಿತ್ತರ ಆಪ್ಪ ತಗೊಳ್ಳಿ, ನೆಂಚಿಕೊಳ್ಳೋಕೆ ಲುಣು ಮಿರಿಸ್ ಅನ್ನುವ ಖಾರದ ಈರುಳ್ಳಿ ಚಟ್ನಿ.

ನಾವು ಪಕ್ಕಾ ಸಸ್ಯಾಹಾರಿಗಳು. ಬ್ರೆಡ್ಡು, ಬಾಳೆಹಣ್ಣಲ್ಲೇ ದಿನ ತಳ್ಳಬೇಕಾ?

ಖಂಡಿತ ಇಲ್ಲ. ಆ ಮಡಕೆಗಳಲ್ಲಿ ಹೆಚ್ಚಿನವು ತರಕಾರಿಯವೇ. ಹಾಲು, ತುಪ್ಪದ ಬಳಕೆಯೂ ಕಮ್ಮಿ. ತೊಂದರೆ ಇರೋದು ಒಂದೇ ಕಡೆ: ಉಂಬಲಕಡ. ಮಾಲ್ಡೀವ್ಸ್ ಕಡೆಯ ಒಣಗಿಸಿದ ಟ್ಯೂನಾ ಮೀನಿನ ಚೂರು ಅದು. ಪೊಲ್ ಸಂಬೋಲ, ಲುಣು ಮಿರಿಸ್, ಸಿಹಿ ಈರುಳ್ಳಿಯ ಸೀನಿ ಸಂಬೋಲ, ಕೆಲವೊಮ್ಮೆ ಪಲ್ಯಕ್ಕೂ ಹಾಕುತ್ತಾರೆ. ಕಣ್ಣಿಗೆ ಕಾಣಲ್ಲ. 'ವೆಜ್' ಅಂತ ಕೇಳಿದರೆ ಹೌದು ಅನ್ನುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಮೀನಿನ ಅಡುಗೆ ಅಲ್ಲ, ಒಗ್ಗರಣೆ ಸಾಮಾನು. ಹಾಗಾಗಿ ಹೆಸರು ಹಿಡಿದೇ ಹೇಳಿ: 'ಮಸ್ ಎಪಾ, ಮಾಲು ಎಪಾ, ಉಂಬಲಕಡ ಎಪಾ'. ಮಾಂಸ, ಮೀನು, ಉಂಬಲಕಡ ಬೇಡ ಅಂತ ಅರ್ಥ. ಉಳಿದುಕೊಂಡ ಮನೆಯಲ್ಲಿ ಹಿಂದಿನ ರಾತ್ರಿಯೇ ಹೇಳಿಟ್ಟರೆ ಬೆಳಗ್ಗೆ ಬೇರೆ ಸಂಬೋಲ ಅರೆದು ಕೊಡುತ್ತಾರೆ.

ಪಾತ್ರೆಯೂ ಬೇರೆ ಇರಬೇಕು ಅನ್ನುವವರಿಗೆ ತಮಿಳರ ಶೈವ ಹೋಟೆಲುಗಳಿವೆ. ಕೊಲಂಬೊದಲ್ಲಿ ವೆಲ್ಲವತ್ತೆ ಕಡೆ ಹೋದರೆ ಸಾಲು ಸಾಲು. ದಕ್ಷಿಣ ತೀರದಲ್ಲಿ ಅವು ಕಮ್ಮಿ, ಅಲ್ಲಿ ಅಡುಗೆ ಮಾಡಿಕೊಡುವ ಹೋಂಸ್ಟೇ ಹಿಡಿಯೋದೇ ಸರಿ.

ಹಲಸನ್ನ ದಿನಾ ತಿಂತಾರಂತೆ, ನಿಜಾನಾ?

ನಿಜ, ಅದೂ ಮೂರು ವಯಸ್ಸಿನಲ್ಲಿ. ಎಳೆಗುಜ್ಜೆಗೆ ಪೊಲೊಸ್, ಬಲಿತ ಕಾಯಿಗೆ ಕೊಸ್, ಹಣ್ಣಿಗೆ ವರಕ ಅಥವಾ ವೆಲ. ನಮ್ಮಲ್ಲಿ ಬಕ್ಕೆ, ಬಿಳುವ ಇದ್ದ ಹಾಗೆ. ಪೊಲೊಸ್ ಸಾರು ನನಗೆ ಇಡೀ ದ್ವೀಪದಲ್ಲೇ ಹೆಚ್ಚು ಇಷ್ಟ. ದಪ್ಪ ಹೋಳು, ಹುರಿದ ಮಸಾಲೆ, ಗೊರಕ, ಕಾಯಿಹಾಲು ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹೋಳು ಕಂದು ಬಣ್ಣಕ್ಕೆ ಬಂದು ಬೆರಳಲ್ಲಿ ಒತ್ತಿದರೆ ಎಳೆ ಎಳೆಯಾಗಿ ಬಿಡಬೇಕು. ಮಾಂಸ ತಿನ್ನುವವರೂ ಇದನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಹಲಸಿಗೆ ಅಲ್ಲಿ ಇಷ್ಟು ಮರ್ಯಾದೆ ಬಂದದ್ದರ ಹಿಂದೆ ಒಬ್ಬ ವ್ಯಕ್ತಿ ಇದ್ದಾರೆ. ಆರ್ಥರ್ ವಿ. ಡಯಾಸ್ ಅನ್ನುವವರು ಕಳೆದ ಶತಮಾನದ ಮೊದಲ ಭಾಗದಲ್ಲಿ, ಅನ್ನಕ್ಕೆ ಬರ ಬಂದರೆ ಹಲಸು ಜನರನ್ನು ಉಳಿಸುತ್ತದೆ ಅಂತ ಊರೂರಲ್ಲಿ ಸಸಿ ನೆಡಿಸಿದರು. ಜನ ಅವರನ್ನು ಪ್ರೀತಿಯಿಂದ 'ಕೊಸ್ ಮಾಮಾ' ಅಂತಲೇ ಕರೆದರು. ಇವತ್ತಿಗೂ ಹಲಸಿನ ಮರ ಕಡಿಯೋಕೆ ಅನುಮತಿ ಬೇಕು. ಜೀಗುಜ್ಜೆಯೂ ಧಾರಾಳ, ಅಲ್ಲಿ ಅದು ದೆಲ್.

ಮೀನು ತಿಂತೀವಿ. ಬೀಚ್ ಹೋಟೆಲಲ್ಲಿ ಐಸ್ ಮೇಲೆ ಇಟ್ಟಿರೋದನ್ನ ತಗೋಬಹುದಾ?

ತಗೊಳ್ಳಿ, ಆದರೆ ತೂಕ ಹಾಕಿಸಿ, ಒಟ್ಟು ಎಷ್ಟಾಗುತ್ತದೆ ಅಂತ ಸುಡುವ ಮೊದಲೇ ಕೇಳಿ. ಜಗಳ ಬರೋದೆಲ್ಲ ಇಲ್ಲೇ. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಇದು ನಿಮಗೂ ಗೊತ್ತು.

ಆದರೆ ಸುಟ್ಟ ಮೀನು ಎಲ್ಲ ಕಡೆ ಸಿಗುತ್ತದೆ. ದಕ್ಷಿಣ ತೀರದ ಸ್ವಂತ ಅಡುಗೆ ಅಂಬುಲ್ ತಿಯಲ್. ಟ್ಯೂನಾ ಮೀನಿನ ಚೌಕ ತುಂಡುಗಳಿಗೆ ಅರೆದ ಗೊರಕ, ಕರಿಮೆಣಸು, ಉಪ್ಪು ಮೆತ್ತಿ, ನೀರು ಪೂರ್ತಿ ಇಂಗುವವರೆಗೆ ಬೇಯಿಸುತ್ತಾರೆ. ಕಪ್ಪಗೆ, ಒಣಗಾಗಿ, ಹುಳಿಯಾಗಿ ಇರುತ್ತದೆ. ಫ್ರಿಜ್ ಇಲ್ಲದೆ ದಿನಗಟ್ಟಲೆ ಕೆಡಲ್ಲ. ಉಪ್ಪಾಗೆ ಹಾಕಿದ ಮೀನು ಸಾರು ತಿಂದವರಿಗೆ ಈ ಹುಳಿ ಕೂಡಲೇ ಗುರುತು ಸಿಗುತ್ತದೆ.

ರಾತ್ರಿ ಹೊತ್ತು ತಗಡು ಬಡಿದ ಹಾಗೆ ಸದ್ದು ಬರುತ್ತಲ್ಲ, ಅದೇನು?

ಕೊತ್ತು. ಕಾದ ಕಾವಲಿಯ ಮೇಲೆ ತೆಳು ರೊಟ್ಟಿ, ತರಕಾರಿ, ಮೊಟ್ಟೆ ಅಥವಾ ಮಾಂಸ ಹಾಕಿ ಎರಡು ಕಬ್ಬಿಣದ ಪಟ್ಟಿಗಳಿಂದ ಕೊಚ್ಚುತ್ತಾರೆ. ಒಬ್ಬೊಬ್ಬರ ಕೈಗೆ ಒಂದೊಂದು ತಾಳ. ತರಕಾರಿ ಕೊತ್ತು ಎಲ್ಲ ಕಡೆ ಸಿಗುತ್ತದೆ, ಆದರೆ ಕಾವಲಿ ಒಂದೇ, ಮಡಿ ಇರುವವರಿಗೆ ಆಗಲ್ಲ. ಒಂದು ಪ್ಲೇಟು ಇಬ್ಬರಿಗೆ ಸಾಕು.

ಸಿಹಿ ಏನಿದೆ?

ಮೀಕಿರಿ ಪೆನಿ ತಿನ್ನದೆ ಬರಬೇಡಿ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಎಮ್ಮೆ ಮೊಸರು, ಮೇಲೆ ಕಿತುಲ್ ಪೆನಿ. ಕಿತುಲ್ ಅಂದರೆ ನಮ್ಮ ಬೈನೆ ಮರ. ಅದರ ಹೂಗೊನೆಯ ರಸ ಇಳಿಸಿ ಕಾಯಿಸಿದರೆ ಈ ಕಪ್ಪು ಪಾಕ ಸಿಗುತ್ತದೆ, ಸ್ವಲ್ಪ ಹೊಗೆ ವಾಸನೆ ಇರುತ್ತದೆ. ಹಂಬಂತೋಟ, ತಿಸ್ಸಮಹಾರಾಮ ಕಡೆ ರಸ್ತೆ ಬದಿಯಲ್ಲಿ ಮೊಸರಿನ ಕುಡಿಕೆಗಳನ್ನು ಹಗ್ಗ ಕಟ್ಟಿ ತೂಗುಹಾಕಿರುತ್ತಾರೆ. ಮಾರುವ ಪೆನಿಯಲ್ಲಿ ಸಕ್ಕರೆ ಪಾಕದ ಕಲಬೆರಕೆ ಜಾಸ್ತಿ. ತೀರಾ ಅಗ್ಗ ಇದ್ದರೆ ಅನುಮಾನಿಸಿ. ಬೆಲ್ಲ, ಕಾಯಿಹಾಲು, ಮೊಟ್ಟೆಯ ವಟಲಪ್ಪನ್ ಕೂಡ ಚೆನ್ನಾಗಿರುತ್ತದೆ, ಅದು ಮಲಯ ಮುಸ್ಲಿಮರ ಮನೆಗಳಿಂದ ಬಂದ ಸಿಹಿ.

ಮಕ್ಕಳು ಖಾರ ಮುಟ್ಟಲ್ಲ, ಏನ್ಮಾಡೋದು?

ಇಂಡಿಯಾಪ್ಪಕ್ಕೆ ಕಿರಿ ಹೊದಿ, ಸಾದಾ ಆಪ್ಪಕ್ಕೆ ಪೆನಿ, ಪರಿಪ್ಪು ಅನ್ನ. ಇಷ್ಟರಲ್ಲಿ ದಿನ ಕಳೆಯುತ್ತದೆ. ಬೆಳಗ್ಗೆ, ಸಂಜೆ ಪಿಯಾನೊ ರಾಗ ಹಾಕಿಕೊಂಡು ಒಂದು ಆಟೋ ಬರುತ್ತದೆ, ಅದು ಚೂನ್ ಪಾನ್, ಓಡಾಡುವ ಬೇಕರಿ. ಅದರಲ್ಲಿ ಮೊಸಳೆ ಆಕಾರದ, ಮೇಲೆ ಸಕ್ಕರೆ ಉದುರಿಸಿದ ಬನ್ನು ಸಿಗುತ್ತದೆ. ಎರಡನೇ ದಿನದಿಂದ ಮಕ್ಕಳೇ ರಸ್ತೆಗೆ ಓಡುತ್ತಾರೆ.

ಹೊಟ್ಟೆ ಕೆಡಲ್ವಾ?

ಕಾಯಿಹಾಲಿನ ಅಡುಗೆ ಬೇಗ ಹಳಸುತ್ತದೆ. ಮಧ್ಯಾಹ್ನ ಮಾಡಿದ್ದನ್ನು ಮಧ್ಯಾಹ್ನವೇ ತಿನ್ನಿ, ರಾತ್ರಿಗೆ ಬಿಸಿಬಿಸಿ ಮಾಡಿಕೊಡುವ ಆಪ್ಪ, ಕೊತ್ತು. ನಲ್ಲಿ ನೀರು ಬೇಡ.

## ಕುಡಿಯೋದು

ಟೀ ದೇಶ ಅಂತಾರೆ, ಆದ್ರೆ ಹೋಟೆಲ್ ಟೀ ಬರೀ ಹಾಲಿನಪುಡಿ ರುಚಿ. ಯಾಕೆ?

ಅದು ಹಾಲಿನಪುಡಿಯೇ. ದೇಶಕ್ಕೆ ಬೇಕಾದಷ್ಟು ಹಸುವಿನ ಹಾಲು ಅಲ್ಲಿಲ್ಲ, ಹೊರಗಿನಿಂದ ಬರುವ ಪುಡಿಯೇ ಮನೆಮನೆಯ ಅಭ್ಯಾಸವಾಗಿದೆ. ಫಿಲ್ಟರ್ ಕಾಫಿ, ಗಟ್ಟಿ ಹಾಲಿನ ಚಹಾ ಅಂತ ಹುಡುಕಬೇಡಿ, ಬೇಜಾರಾಗುತ್ತದೆ. 'ಇಂಗುರು ಪ್ಲೇನ್ ಟೀ' ಕೇಳಿ. ಶುಂಠಿ ಜಜ್ಜಿ ಹಾಕಿದ ಕಪ್ಪು ಚಹಾ. ಪಕ್ಕದಲ್ಲಿ ಒಂದು ತುಂಡು ಹಕುರು, ಅಂದರೆ ಕಿತುಲ್ ಬೆಲ್ಲ, ಕೊಟ್ಟರೆ ಅದನ್ನು ಚಹಾಕ್ಕೆ ಹಾಕದೆ ಕಚ್ಚಿಕೊಂಡು ಕುಡಿಯಿರಿ.

ಟೀ ಬರುವ ಮೊದಲು ಅದು ಕಾಫಿ ದೇಶ. 1869ರಲ್ಲಿ ಎಲೆ ತುಕ್ಕು ರೋಗ ಬಂದು ಕೆಲವೇ ವರ್ಷಗಳಲ್ಲಿ ತೋಟಗಳು ಮುಗಿದುಹೋದವು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಆ ರೋಗದ ಹೆಸರು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವರು ಕ್ಯಾಂಡಿ ಹತ್ತಿರದ ಲೂಲ್‌ಕಂದೂರದಲ್ಲಿ ಟೀ ನೆಟ್ಟಿದ್ದರು. ಕಾಫಿ ಸತ್ತ ಜಾಗಕ್ಕೆ ಅದೇ ಬಂತು. ಮೇಲಿನ ನುವಾರ ಎಲಿಯದ ಚಹಾ ತಿಳಿ, ಪರಿಮಳ ಜಾಸ್ತಿ. ದಕ್ಷಿಣ ತೀರದ ಹಿಂದಿನ ರುಹುಣ ಚಹಾ ಕಪ್ಪು, ಖಡಕ್. ನಮ್ಮ ನಾಲಿಗೆಗೆ ರುಹುಣ ಬೇಗ ಹಿಡಿಸುತ್ತದೆ.

ಅಲ್ಲಿನ ಎಳನೀರು ಕೇಸರಿ ಬಣ್ಣ ಇರುತ್ತಂತೆ?

ಹೌದು, ತಂಬಿಲಿ ಅನ್ನುತ್ತಾರೆ. ಲಂಕೆಯದ್ದೇ ತಳಿ. ಮದ್ದೂರಿನ ಎಳನೀರಿಗಿಂತ ಗಂಜಿ ಕಮ್ಮಿ, ಸಿಹಿ ಜಾಸ್ತಿ. ಬಿಸಿಲಲ್ಲಿ ಬೆವರು ಹರಿಯುವ ದಿನ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಕುಡಿದರೆ ಸುಸ್ತು ಹತ್ತಿರ ಬರಲ್ಲ.

ಇವೆರಡು ಬಿಟ್ಟು ಬೇರೆ ಏನಾದ್ರೂ?

ಬೆಳಗ್ಗೆ ರಸ್ತೆ ಬದಿ ಕೊಲ ಕಂದ ಮಾರುತ್ತಾರೆ, ಸೊಪ್ಪಿನ ರಸ ಹಾಕಿದ ಹಸಿರು ಗಂಜಿ. ಬಿಸಿಯಾಗಿ ಕುಡಿದು ಬೆಲ್ಲ ಕಚ್ಚಬೇಕು. ಬೆಲಿ ಮಲ್ ಅಂದರೆ ಒಣಗಿದ ಬಿಲ್ವದ ಹೂವಿನ ಕಷಾಯ. ರಣವರ ನಮ್ಮ ಆವರಿಕೆ ಹೂವಿನದ್ದು. ದಿವುಲ್ ಜ್ಯೂಸು ಬೇಲದ ಹಣ್ಣಿನ ಪಾನಕವೇ, ಕಾಯಿಹಾಲು ಸೇರಿಸಿದ್ದು ಸಿಕ್ಕರೆ ಬಿಡಬೇಡಿ. ಬಾಟಲಿ ತಂಪು ಬೇಕಾದರೆ ಅಲ್ಲಿನ ಜಿಂಜರ್ ಬಿಯರ್, ಹೆಸರಲ್ಲಿ ಮಾತ್ರ ಬಿಯರ್, ಮಕ್ಕಳೂ ಕುಡಿಯಬಹುದು.

ಅರಕ್ ಕುಡಿಯಲೇಬೇಕು ಅಂತಾರೆ. ನಮ್ಮ ಸಾರಾಯಿ ಥರಾನಾ?

ಅಲ್ಲ. ತೆಂಗಿನ ಹೂಗೊನೆಯಿಂದ ಇಳಿಸಿದ ಕಳ್ಳನ್ನು ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಹಣ್ಣಾಗಿಸುತ್ತಾರೆ. ಲೇಬಲ್ ನೋಡಿ. ಶುದ್ಧ ತೆಂಗಿನದ್ದು ಬೇರೆ, ಇತರ ಸ್ಪಿರಿಟ್ ಬೆರೆಸಿದ ಅಗ್ಗದ್ದು ಬೇರೆ. ಊರವರು ಕುಡಿಯೋದು ಜಿಂಜರ್ ಬಿಯರ್, ನಿಂಬೆ ಹಾಕಿ. ಕುಡಿಯದವರೂ ಕಳ್ಳು ಇಳಿಸೋದನ್ನು ನೋಡಬೇಕು: ಕಳುತರ ಸುತ್ತಮುತ್ತ ತೆಂಗಿನ ಮರದಿಂದ ಮರಕ್ಕೆ ಎರಡು ಹಗ್ಗ ಕಟ್ಟಿರುತ್ತಾರೆ. ಕೆಳಗಿನದರ ಮೇಲೆ ಕಾಲು, ಮೇಲಿನದನ್ನು ಹಿಡಿದ ಕೈ, ಸೊಂಟದಲ್ಲಿ ಕತ್ತಿ ಮತ್ತು ಬುರುಡೆ. ಒಂದು ಮರ ಹತ್ತಿದವರು ಕೆಳಗಿಳಿಯದೆ ಇಡೀ ತೋಟ ಸುತ್ತಿ ಬರುತ್ತಾರೆ.

## ಮಾಡೋದು

ಯಾವ ಊರಲ್ಲಿ ಉಳ್ಕೊಳ್ಳೋದು?

ಮಕ್ಕಳಿದ್ದರೆ ಉನವಟುನ, ಕೊಲ್ಲಿ ಶಾಂತ, ಗಾಲೆ ಹತ್ತಿರ. ಸರ್ಫಿಂಗ್ ಕಲಿಯಬೇಕಾದರೆ ವೆಲಿಗಮ, ಅಲ್ಲಿನ ಅಲೆ ಹೊಸಬರಿಗೆ ಹೇಳಿ ಮಾಡಿಸಿದ್ದು. ಮಿರಿಸ್ಸದಲ್ಲಿ ರಾತ್ರಿ ಗದ್ದಲ ಜಾಸ್ತಿ. ಸುಮ್ನೆ ಓದಿಕೊಂಡು ಮಲಗಬೇಕು ಅಂದರೆ ತಂಗಲ್ಲೆ. ಅಲ್ಲಿ ಉದ್ದದ ಮರಳು, ಕಮ್ಮಿ ಜನ, ಆದರೆ ಅಲೆ ಜೋರು.

ಈಜು ಬರಲ್ಲ. ನೀರಿಗೆ ಇಳಿಬಹುದಾ?

ಹವಳದ ದಿಬ್ಬ ಅಲೆ ತಡೆಯುವ ಜಾಗಗಳಲ್ಲಿ ಇಳಿಯಿರಿ. ಮಾತರ ಹತ್ತಿರದ ಪೊಲ್ಹೇನ ಹಾಗಿದೆ, ನೀರು ಸೊಂಟದವರೆಗೆ. ಬೇರೆ ಕಡೆ ಕೆಂಪು ಬಾವುಟ ಇದ್ದರೆ ಕಾಲು ತೊಳೆಯೋದಕ್ಕೆ ಮಾತ್ರ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಹೊಡೆದಾಡಬೇಡಿ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಹವಳದ ಮೇಲೆ ನಿಲ್ಲಬೇಡಿ, ಕಾಲಿಗೂ ಗಾಯ, ಹವಳಕ್ಕೂ ಸಾವು.

ನೀಲಿ ತಿಮಿಂಗಿಲ ನಿಜವಾಗ್ಲೂ ಕಾಣುತ್ತಾ?

ಕಾಣುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಿರಿಸ್ಸದಿಂದ ಬೆಳಗ್ಗೆ ದೋಣಿಗಳು ಹೊರಡುತ್ತವೆ. ಅಲ್ಲಿ ತೀರದಿಂದ ಸ್ವಲ್ಪ ದೂರಕ್ಕೇ ಸಮುದ್ರ ಒಮ್ಮೆಲೇ ಆಳವಾಗುತ್ತದೆ, ಹಾಗಾಗಿ ಅಷ್ಟು ದೊಡ್ಡ ಪ್ರಾಣಿ ಅಷ್ಟು ಹತ್ತಿರ ಬರುತ್ತದೆ. ಮೊದಲು ಕಾಣೋದು ಉಸಿರಿನ ಎತ್ತರದ ಚಿಲುಮೆ. ಆಮೇಲೆ ಬೂದು ನೀಲಿ ಬೆನ್ನು, ಮುಗಿಯುವುದೇ ಇಲ್ಲ ಅನ್ನಿಸುವಷ್ಟು ಉದ್ದ. ಕೊನೆಗೆ ಕೆಲವೊಮ್ಮೆ ಬಾಲ.

ಆದರೆ ದೋಣಿ ಆರಿಸುವಾಗ ದಯವಿಟ್ಟು ಯೋಚಿಸಿ. ಒಂದು ತಿಮಿಂಗಿಲದ ಹಿಂದೆ ಹತ್ತು ದೋಣಿ ಅಟ್ಟಿಸಿಕೊಂಡು ಹೋಗೋದು ಅಲ್ಲಿ ಹೊಸದಲ್ಲ. ಹತ್ತಿರ ಹೋಗಲ್ಲ, ಎಂಜಿನ್ ನಿಧಾನ ಮಾಡುತ್ತೇವೆ ಅನ್ನುವವರ ಜೊತೆ ಹೋಗಿ, ನಾಲ್ಕು ಕಾಸು ಜಾಸ್ತಿ ಆದರೂ ಕೊಡಿ. ಅದೇ ನೀರಿನಲ್ಲಿ ಜಗತ್ತಿನ ದೊಡ್ಡ ಹಡಗು ದಾರಿಯೂ ಇದೆ, ಹಡಗು ಬಡಿದು ತಿಮಿಂಗಿಲಗಳು ಸಾಯುತ್ತವೆ. ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಿ.

ಗಾಲೆ ಕೋಟೆಗೆ ಎಷ್ಟು ಹೊತ್ತು ಬೇಕು?

ಬಿಸಿಲಿಳಿದ ಮೇಲೆ ನಾಲ್ಕಕ್ಕೆ ಹೋಗಿ, ಕತ್ತಲಾಗುವವರೆಗೆ ಗೋಡೆಯ ಮೇಲೆ ಒಂದು ಸುತ್ತು ನಡೆಯಿರಿ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದನ್ನು 1649ರಿಂದ ಡಚ್ಚರು ಕಲ್ಲಿನಲ್ಲಿ ಗಟ್ಟಿ ಮಾಡಿದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಗೋಡೆಗಳೇ ಒಳಗಿನ ಊರನ್ನು ಕಾಪಾಡಿದವು. ಹೊರಗಿದ್ದ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಕೊಚ್ಚಿಹೋದವು. ಮೈದಾನದಲ್ಲಿ ಮತ್ತೆ ಟೆಸ್ಟ್ ನಡೆದದ್ದು 2007ರ ಡಿಸೆಂಬರ್‌ನಲ್ಲಿ. ಹಿಕ್ಕಡುವ ಹತ್ತಿರದ ಪೆರಲಿಯದಲ್ಲಿ ಅಲೆಗೆ ಸಿಕ್ಕ ರೈಲಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸ್ಮಾರಕ ಇದೆ. ದಾರಿಯಲ್ಲೇ ಸಿಗುತ್ತದೆ, ಸುಮ್ನೆ ಇಳಿದು ಎರಡು ನಿಮಿಷ ನಿಲ್ಲಿ.

ಕಂಬದ ಮೇಲೆ ಕೂತು ಮೀನು ಹಿಡಿಯೋರ ಫೋಟೊ ತೆಗಿಬೇಕು.

ಕೊಗ್ಗಲ ಕಡೆ ಸಿಗುತ್ತಾರೆ. ಈಗ ಬಹುತೇಕರು ಕೂರೋದು ಫೋಟೊಗಾಗಿಯೇ, ದುಡ್ಡು ಕೇಳುತ್ತಾರೆ. ಸುನಾಮಿಯ ನಂತರ ತೀರ ಬದಲಾಯಿತು, ಮೀನೂ ಕಮ್ಮಿ. ಕೊಡುವುದಾದರೆ ಚೌಕಾಸಿ ಮಾಡದೆ ಕೊಡಿ.

ಮಕ್ಕಳಿಗೆ ಆನೆ ಸವಾರಿ ಮಾಡಿಸ್ಬಹುದಾ?

ಬೇಡ. ತೀರದಿಂದ ಒಂದೇ ದಿನದಲ್ಲಿ ಹೋಗಿಬರುವ ದೂರದಲ್ಲಿ ಉಡವಲವೆ ಕಾಡಿದೆ. ಅಲ್ಲಿ ಆನೆ ಕಾಣದೆ ವಾಪಸ್ ಬಂದವರು ಅಪರೂಪ. ಪಕ್ಕದಲ್ಲೇ 1995ರಲ್ಲಿ ಶುರುವಾದ ಅನಾಥ ಮರಿಗಳ ತಾಣ ಇದೆ. ಹಾಲು ಕುಡಿಸುವ ಹೊತ್ತಿಗೆ ದೂರದ ಕಟ್ಟೆಯಿಂದ ನೋಡಬಹುದು, ಮುಟ್ಟೋಕೆ ಬಿಡಲ್ಲ. ಮರಿಗಳು ಮತ್ತೆ ಕಾಡಿಗೆ ಹೋಗಬೇಕು, ಅದಕ್ಕೇ ಆ ನಿಯಮ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

ಚಕ್ಕೆ ಸುಲಿಯೋದನ್ನ ಎಲ್ಲಿ ನೋಡ್ಬಹುದು?

ಕೊಗ್ಗಲ ಕೆರೆಯ ದ್ವೀಪಗಳಲ್ಲಿ, ಮಿರಿಸ್ಸ ಹಿಂದಿನ ತೋಟಗಳಲ್ಲಿ. ಬೆರಳು ದಪ್ಪದ ಕೊಂಬೆ ತಂದು ಮೇಲಿನ ಕಂದು ಸಿಪ್ಪೆ ಹೆರೆದುಹಾಕುತ್ತಾರೆ. ಆಮೇಲೆ ಹಿತ್ತಾಳೆ ಸಲಾಕೆಯಿಂದ ಇಡೀ ಕೊಂಬೆಯನ್ನು ಒತ್ತಿ ಉಜ್ಜುತ್ತಾರೆ, ಒಳತೊಗಟೆ ಸಡಿಲ ಆಗಲಿ ಅಂತ. ಸಣ್ಣ ಚಾಕುವಿನಿಂದ ಎರಡು ಗೆರೆ ಎಳೆದು ಹೆಬ್ಬೆರಳು ತೂರಿಸಿದರೆ ಕಾಗದದಷ್ಟು ತೆಳು ಹಾಳೆ ಪೂರ್ತಿ ಎದ್ದು ಬರುತ್ತದೆ. ಹಾಳೆಯೊಳಗೆ ಹಾಳೆ ತುಂಬಿ ಉದ್ದ ಕೊಳವೆ ಮಾಡಿ, ನೆರಳಲ್ಲಿ ಹಗ್ಗದ ಮೇಲೆ ಒಣಗಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಚಕ್ಕೆ ಅಂತ ಸಿಗುವ ದಪ್ಪ, ಗಟ್ಟಿ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅಲ್ಲಿನದ್ದು ಬೆರಳಲ್ಲೇ ಪುಡಿಯಾಗುತ್ತದೆ, ಖಾರಕ್ಕಿಂತ ಸಿಹಿ ವಾಸನೆ.

ಕತರಗಾಮ ನಮ್ಮ ಸುಬ್ರಹ್ಮಣ್ಯನೇ ಅಲ್ವಾ? ಹೋ‌ಗಿ ಬರಬಹುದಾ?

ಹೌದು, ಸ್ಕಂದನ ಸ್ಥಳ. ಕುಕ್ಕೆಗೆ ನಡೆದುಕೊಳ್ಳುವವರು ಬಹಳ ಜನ ಹೋಗುತ್ತಾರೆ. ತಂಗಲ್ಲೆಯಿಂದ ಪೂರ್ವಕ್ಕೆ, ಯಾಲ ಕಾಡಿನ ಪಕ್ಕ. ಬೌದ್ಧರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಒಂದೇ ಅಂಗಳಕ್ಕೆ ಬರುತ್ತಾರೆ. ಮೊದಲು ಮೆಣಿಕ್ ಗಂಗೆಯಲ್ಲಿ ಸ್ನಾನ, ಆಮೇಲೆ ಹಣ್ಣಿನ ತಟ್ಟೆ ಹಿಡಿದು ಸಾಲು. ಗರ್ಭಗುಡಿಯಲ್ಲಿ ಮೂರ್ತಿ ಕಾಣಲ್ಲ. ಚಿತ್ರ ಬರೆದ ಪರದೆಗೇ ಪೂಜೆ. ತಟ್ಟೆಯ ಅರ್ಧ ಹಣ್ಣು ಪ್ರಸಾದವಾಗಿ ವಾಪಸ್ ಬರುತ್ತದೆ, ಅಲ್ಲೇ ಕೂತು ಅಕ್ಕಪಕ್ಕದವರ ಜೊತೆ ಹಂಚಿಕೊಂಡು ತಿನ್ನೋದು ರೂಢಿ. ಜುಲೈ–ಆಗಸ್ಟ್‌ನ ಉತ್ಸವದಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಪೋಯ ದಿನ ಸಿಕ್ಕಿಬಿಟ್ರೆ ರಜೆ ಹಾಳಾಯ್ತಾ?

ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಮದ್ಯ, ಮಾಂಸ ಮಾರಲ್ಲ. ಅದನ್ನೇ ದೇವಸ್ಥಾನದ ದಿನ ಮಾಡಿಕೊಳ್ಳಿ. ಬಿಳಿ ಬಟ್ಟೆ, ಭುಜ, ಮೊಣಕಾಲು ಮುಚ್ಚಿರಲಿ, ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬೇಡಿ, ಅವರಿಗೆ ನಿಜವಾಗಿ ನೋವಾಗುತ್ತದೆ. ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಸಿಕ್ಕಿದರೆ ನಿಮ್ಮ ಅದೃಷ್ಟ. ಬೀದಿಬೀದಿಯಲ್ಲಿ ದನ್ಸಲ್ ಅಂತ ಹಾಕುತ್ತಾರೆ. ದಾರಿಹೋಕರನ್ನೆಲ್ಲ ನಿಲ್ಲಿಸಿ ಅನ್ನ, ಗೆಣಸು, ಐಸ್‌ಕ್ರೀಮು ಪುಕ್ಕಟೆ ಕೊಡುತ್ತಾರೆ. ಬೇಡ ಅನ್ನಬೇಡಿ, ದುಡ್ಡು ಕೊಡೋಕೂ ಹೋಗಬೇಡಿ.

'ಎಲ್ಲಾ' ಊರಿನ ರೈಲಿಗೆ ಒಂದು ದಿನ ಇಟ್ಕೊಳ್ಳೋಣ್ವಾ?

ಕ್ಯಾಂಡಿಯಿಂದ ಎಲ್ಲಾವರೆಗಿನ ಹಳಿ ಟೀ ತೋಟಗಳ ನಡುವೆ ಏಳು ಗಂಟೆ ಸುಮಾರು ಸಾಗುತ್ತದೆ, ಚೆಂದ ಇದೆ. ಆದರೆ 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಬೆಟ್ಟದ ಹಳಿಗಳನ್ನು ಬಹಳ ಕಡೆ ಕಿತ್ತುಹಾಕಿತು. ಯಾವ ಭಾಗ ಓಡುತ್ತಿದೆ ಅಂತ ವಿಚಾರಿಸಿಯೇ ಯೋಜನೆ ಹಾಕಿ. ಓಡದಿದ್ದರೂ ಬೆಟ್ಟದ ಊರುಗಳಿಗೆ ಹೋಗಿ, ಅಲ್ಲಿನ ಹೋಂಸ್ಟೇಗಳಿಗೆ ಈಗ ಅತಿಥಿಗಳು ಬೇಕು.

ವಾಪಸ್ ಬರುವಾಗ ಏನು ತರೋದು?

ಚಕ್ಕೆ, ರುಹುಣ ಚಹಾ, ಒಣಗಿದ ಗೊರಕ, ಕಿತುಲ್ ಪೆನಿ. ಪೆನಿ ದ್ರವ, ಚೆಕ್-ಇನ್ ಬ್ಯಾಗಿನಲ್ಲೇ ಇಡಿ, ಮುಚ್ಚಳದ ಮೇಲೆ ಟೇಪು ಸುತ್ತಿ. ಚಹಾವನ್ನು ವಿಮಾನ ನಿಲ್ದಾಣದಲ್ಲಿ ಕೊಳ್ಳೋದಕ್ಕಿಂತ ಊರ ಸೂಪರ್ ಮಾರ್ಕೆಟ್ಟಿನಲ್ಲಿ ತಗೊಂಡರೆ ಅಗ್ಗ. ಮದ್ಯ ತಲೆಗೆ ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಹರಳು, ನೀಲಮಣಿ ಅಂತ ಆಟೋದವರು ಕರೆದುಕೊಂಡು ಹೋದ ಅಂಗಡಿಯಲ್ಲಿ ಕೊಳ್ಳಬೇಡಿ. ಕೊಳ್ಳಲೇಬೇಕು ಅಂದರೆ ಕೊಲಂಬೊದಲ್ಲಿ ಸರ್ಕಾರಿ ರತ್ನ ಪ್ರಾಧಿಕಾರದಲ್ಲಿ ಪರೀಕ್ಷೆ ಮಾಡಿಸಿ. ಹವಳ ತರೋದು ಕಾನೂನಿಗೆ ವಿರುದ್ಧ, ದಡದಲ್ಲಿ ಬಿದ್ದಿದ್ದ ಚೂರಾದರೂ ಅಲ್ಲೇ ಬಿಡಿ.